ಸಿಯಾಜ್ ಕೂಡ ನಿಂತಿತು. ನಮ್ಮ ಕಡಲ ಊರಲ್ಲಿ ಹಳೇ ಸೆಡಾನ್ ಉಳಿಸ್ಕೊಳ್ಳೋದು ಹೇಗೆ?

ಕೋಡಿಬಾಗ_ಕಡಲು
2025ರ ಏಪ್ರಿಲ್‌ಗೆ ಮಾರುತಿ ಸಿಯಾಜ್ ಸೆಡಾನ್ ಕಥೆ ಮುಗೀತು. ಅದಕ್ಕೂ ಮೊದಲೇ ಸಿವಿಕ್, ಕೊರೊಲ್ಲಾ, ಯಾರಿಸ್, ವೆಂಟೊ, ರ‍್ಯಾಪಿಡ್, ಆಕ್ಟೇವಿಯಾ ಸಾಲಾಗಿ ಹೋಗಿದ್ವು. ಮಧ್ಯಮ ಬೆಲೆಯಲ್ಲಿ ನಾಲ್ಕು ಮೀಟರ್ ದಾಟಿದ ಪೆಟ್ರೋಲ್ ಸೆಡಾನ್ ಅಂತ ಕೈಗೆ ಸಿಗೋದು ಈಗ ಸಿಟಿ, ವೆರ್ನಾ, ವರ್ಟಸ್, ಸ್ಲಾವಿಯಾ, ಅಷ್ಟೇ.

ಕುಮಟಾದಲ್ಲಿ 2005ರ ಬಲೆನೊ ಒಂದು ಮಾರಾಟಕ್ಕಿದೆ. ಹಳೇ ಡಿಕ್ಕಿ ಇರೋ ಬಲೆನೊ, ಈಗಿನದಲ್ಲ. ಶಿರಸಿಯಲ್ಲಿ 2002ರ ಹೋಂಡಾ ಸಿಟಿ 1.5 ಇದೆ. ಎರಡಕ್ಕೂ ಇಪ್ಪತ್ತು ವರ್ಷ ದಾಟಿದೆ. ಗಾಡಿ ಇಡೋದು ಕಾರವಾರದಲ್ಲಿ, ಕಡಲಿಂದ ಅರ್ಧ ಕಿ.ಮೀ. ಒಳಗೆ. ತಿಂಗಳಿಗೆ ಎರಡು ಸಲ ಘಟ್ಟ ಹತ್ತಬೇಕು. ಯಾವುದು ತಗೊಳ್ಳೋದು, ಏನೇನು ನೋಡೋದು, ಉಪ್ಪುಗಾಳಿಯಿಂದ ಹೇಗೆ ಕಾಪಾಡೋದು? ಎಸ್‌ಯುವಿ ತಗೊಳ್ಳಿ ಅನ್ನೋ ಉತ್ತರ ದಯವಿಟ್ಟು ಬೇಡ.

ದೇವಿಮನೆ_ತಿರುವು
ಮೊದಲು ನಾಲ್ಕೂ ಜ್ಯಾಕ್ ಪಾಯಿಂಟ್ (ಗಾಡಿ ಎತ್ತೋಕೆ ಜ್ಯಾಕ್ ಕೊಡೋ ಜಾಗ) ನೋಡಿ, ಆಮೇಲೆ ಎಂಜಿನ್ ಶಬ್ದ ಕೇಳಿ. ಘಟ್ಟದ ಕೆಳಗೆ ಎಂಜಿನ್ ಸಾಯೋದಿಲ್ಲ, ತಗಡು ಸಾಯ್ತದೆ.

ತುಕ್ಕುವೈರಿ
ಮೇಲಿನ ಮಾತು ನೂರಕ್ಕೆ ನೂರು. ನೋಡೋಕೆ ಹೋಗುವಾಗ ಮೂರು ವಸ್ತು ಒಯ್ಯಿರಿ: ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್.

ಅಯಸ್ಕಾಂತವನ್ನು ತೆಳ್ಳಗಿನ ಬಟ್ಟೆಯಲ್ಲಿ ಸುತ್ತಿ ಹಿಂದಿನ ಚಕ್ರದ ಕಮಾನಿನ ಅಂಚಿಗೆ ಹಿಡೀರಿ. ಬಾಗಿಲಿನ ಮೇಲೆ ಗಟ್ಟಿ ಹಿಡಿದದ್ದು ಕಮಾನಿನಲ್ಲಿ ಜಾರಿ ಬಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಮುಂದಿನ ಮ್ಯಾಟ್ ತೆಗೆದು, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ಟಿನ ಮೂಲೆ ಎತ್ತಿ ಅಡಿಯ ಸ್ಪಂಜು ಒತ್ತಿ ನೋಡಿ. ಒದ್ದೆಯಿದ್ದರೆ ನೀರು ಬರ್ತಿರೋದು ಹೆಚ್ಚಾಗಿ ಮುಂದಿನ ಗಾಜಿನ ಬುಡದಿಂದ. ವೈಪರ್ ಕೆಳಗಿನ ಜಾಲರಿಯೊಳಗೆ ಮಾವು, ಹಲಸಿನ ಎಲೆ ಬಿದ್ದು ಕೊಳೆತು ಎರಡು ಬದಿಯ ನೀರಿಳಿವ ತೂತು ಮುಚ್ಚಿರ್ತದೆ. ನಮ್ಮ ಜಿಲ್ಲೆಯಲ್ಲಿ ಅಂಗಳದ ಮರದಡಿ ನಿಂತ ಯಾವ ಗಾಡಿಗೂ ಇದು ತಪ್ಪಿದ್ದಲ್ಲ. ಪರೀಕ್ಷೆ ಸುಲಭ, ಆ ಜಾಲರಿಗೆ ಒಂದು ಚೊಂಬು ನೀರು ಹೊಯ್ಯಿರಿ. ಕೆಲವೇ ಕ್ಷಣದಲ್ಲಿ ಮುಂಚಕ್ರದ ಹಿಂದಿನಿಂದ ನೆಲಕ್ಕೆ ಸುರಿಯಬೇಕು. ನಿಧಾನ ತೊಟ್ಟಿಕ್ಕಿದರೆ ಒಳಗೆ ಕೆಸರಿದೆ ಅಂತಲೇ.

ಇನ್ನು ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಉದ್ದನೆಯ ಸಣ್ಣ ತೂತುಗಳಿರ್ತವೆ, ಬೆರಳಾಡಿಸಿ. ಯಾರೋ ಬಣ್ಣ ಹೊಡೆಸುವಾಗ ಅಲ್ಲಿ ಸೀಲರ್ ಮೆತ್ತಿಬಿಟ್ಟಿದ್ದರೆ ಬಾಗಿಲು ಒಳಗಿಂದ ಕೊಳೀತಾ ಇರ್ತದೆ. ಸ್ಟೆಪ್ನಿ ಎತ್ತಿ ಗುಂಡಿ ನೋಡಿ. ಬ್ಯಾಟರಿ ತಟ್ಟೆ ಎತ್ತಿಸಿ. ಕೊನೆಗೆ ಜ್ಯಾಕ್ ಪಾಯಿಂಟ್ ಹತ್ತಿರ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಒಳ್ಳೆ ತಗಡು ಠಣ್ ಅಂತದೆ. ಕೊಳೆತದ್ದು ಒದ್ದೆ ರಟ್ಟಿನ ಹಾಗೆ ಮಂಕು ಶಬ್ದ ಕೊಡ್ತದೆ.

ಕಮಾನು, ಬಾಗಿಲು, ಡಿಕ್ಕಿ ಗುಂಡಿ ಹೋಗಿದ್ದರೆ ರಿಪೇರಿ ಆಗ್ತದೆ. ಮುಂದಿನ ಸಸ್ಪೆನ್ಷನ್ ಗೋಪುರದ ಬುಡ ಅಥವಾ ಹಿಂದಿನ ಆರ್ಮ್ ಬೋಲ್ಟ್ ಆಗೋ ಜಾಗ ಹೋಗಿದ್ದರೆ ಬೆಲೆ ಕೇಳದೆ ವಾಪಸ್ ಬನ್ನಿ.

ಚಾಲಿ_ಅಡಿಕೆ
ಗಾಡಿ ನೋಡೋದು ಸರಿ. ಆದ್ರೆ ಸೆಡಾನ್ ಯಾಕೆ ಹೋಯ್ತು ಅನ್ನೋದನ್ನೂ ಒಪ್ಪಿಕೊಳ್ಳಿ ಮಾರಾಯ್ರೆ. ತೋಟದ ಮನೆಗೆ ಹೋಗೋ ರಸ್ತೆ ಎಂಥದ್ದು? ಎರಡು ಚಕ್ರದ ಹಳ್ಳ, ನಡುವೆ ಹುಲ್ಲು ಬೆಳೆದ ದಿಬ್ಬ, ಆ ದಿಬ್ಬದಲ್ಲಿ ಮಳೆಗೆ ಎದ್ದು ನಿಂತ ಚಿರೇಕಲ್ಲು. ನಾಲ್ಕು ಜನ ಕೂತ ಸಿವಿಕ್ ಅಲ್ಲಿ ಹೊಟ್ಟೆ ತಾಗಿಸದೆ ಬರೋಕೆ ಸಾಧ್ಯವೇ ಇಲ್ಲ. ಡಿಕ್ಕಿ 500 ಲೀಟರ್ ಅಂತ ಪತ್ರದಲ್ಲಿ ಬರೀತಾರೆ, ಬಾಯಿ ಎಷ್ಟು ಅಗಲ ಅಂತ ಬರಿಯೋಲ್ಲ. ಚಾಲಿ ಅಡಿಕೆಯ ಚೀಲ ಅಡ್ಡ ಒಳಗೆ ಹೋಗೋದಿಲ್ಲ. ಹೋದರೂ ಮುಚ್ಚಳದ ಬಾಗಿದ ತೋಳು ಕೆಳಗಿಳಿಯುವಾಗ ಚೀಲಕ್ಕೆ ಒತ್ತಿ ಲಾಕ್ ಆಗೋಲ್ಲ. ಮನೆಯ ಹಿರಿಯರು ಮಂಡಿ ಹಿಡ್ಕೊಂಡು ಕೆಳಗೆ ಕೂರಬೇಕು, ಏಳುವಾಗ ಬಾಗಿಲ ಚೌಕಟ್ಟು ಹಿಡಿಬೇಕು. ಸೊಂಟದ ಎತ್ತರಕ್ಕೆ ಸೀಟು ಇರೋ ಗಾಡಿ ಜನ ಯಾಕೆ ತಗೊಂಡ್ರು ಅನ್ನೋದಕ್ಕೆ ಇಷ್ಟು ಸಾಲದಾ?

ನಾಲ್ಕನೇ_ಗೇರು
ಸಿವಿಕ್ ಉದಾಹರಣೆ ಹಿಡಿದು ಎಲ್ಲ ಸೆಡಾನಿಗೆ ಬಯ್ಯಬೇಡಿ. ಎಸ್‌ಎಕ್ಸ್4 ನೆಲದಿಂದ 190 ಮಿ.ಮೀ., ಎಸ್ಟೀಮ್, ಸಿಯಾಜ್ 170, ಈಗಿನ ವರ್ಟಸ್ 179. ಪೇಟೆಯ ಎಷ್ಟೋ 'ಎಸ್‌ಯುವಿ'ಗಳು ಇದಕ್ಕಿಂತ ಹತ್ತಿಪ್ಪತ್ತು ಮಿ.ಮೀ. ಮಾತ್ರ ಮೇಲೆ.

ಚಾಲಿ_ಅಡಿಕೆ
ಖಾಲಿ ಗಾಡಿಯ ಲೆಕ್ಕ ಅದು. ಹಿಂದೆ ಮೂವರು, ಡಿಕ್ಕಿಯಲ್ಲಿ ಸಾಮಾನು ಹಾಕಿ ಮತ್ತೆ ಅಳೀರಿ. ಸೆಡಾನಿನ ಡಿಕ್ಕಿ ಹಿಂದಿನ ಚಕ್ರದಿಂದಾಚೆ ಉದ್ದ ಚಾಚಿರ್ತದೆ, ಭಾರವೆಲ್ಲ ಹಿಂದಿನ ಸ್ಪ್ರಿಂಗಿಗೆ. ಹಳೇ ಸ್ಪ್ರಿಂಗಾದರೆ ಕೇಳೋದೇ ಬೇಡ.

ದೇವಿಮನೆ_ತಿರುವು
ಅದಕ್ಕೆ ಅಂತ ಸ್ಪ್ರಿಂಗ್ ಸುರುಳಿಯ ನಡುವೆ ರಬ್ಬರ್ ಉಂಡೆ ಸಿಕ್ಕಿಸ್ತಾರಲ್ಲ, ಅದನ್ನ ಮಾತ್ರ ಮಾಡಬೇಡಿ. ಆ ಒಂದು ಸುರುಳಿ ಕೆಲಸ ನಿಲ್ಲಿಸ್ತದೆ, ಪಕ್ಕದ ಸುರುಳಿಗೆ ಹೆಚ್ಚು ಒತ್ತಡ ಬಿದ್ದು ಅಲ್ಲೇ ಮುರೀಬಹುದು. ಮುಂದುಗಡೆ ಎತ್ತರಿಸಿದರೆ ಡ್ರೈವ್ ಶಾಫ್ಟಿನ ಕೋನ ಜಾಸ್ತಿಯಾಗಿ ಚಕ್ರಕ್ಕೆ ಶಕ್ತಿ ಒಯ್ಯೋ ಸಿವಿ ಜಾಯಿಂಟಿನ ರಬ್ಬರ್ ಬೂಟು ಬೇಗ ಹರೀತದೆ, ಗ್ರೀಸ್ ಹೋಗ್ತದೆ, ತಿರುವಿನಲ್ಲಿ ಕಟಕಟ ಶುರು. ಹೊಸ ಸ್ಪ್ರಿಂಗ್, ಹೊಸ ಶಾಕ್, ಹೊಸ ಬಂಪ್ ಸ್ಟಾಪ್ ಹಾಕಿದರೆ ಇಪ್ಪತ್ತು ವರ್ಷದ ಗಾಡಿ ಕಳ್ಕೊಂಡ ಎತ್ತರ ತಾನಾಗಿ ವಾಪಸ್ ಬರ್ತದೆ.

ಮಾಜಾಳಿ_ಗೇಟ್
ಸೆಡಾನ್ ಹೋಗಿದ್ದಕ್ಕೆ ಮಂಡಿನೋವು, ಚಿರೇಕಲ್ಲು ಅಷ್ಟೇ ಕಾರಣ ಅಲ್ಲ. ತೆರಿಗೆ ನೋಡಿ. 2006ರಿಂದ ನಾಲ್ಕು ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಗಾಡಿಗೆ ತೆರಿಗೆ ಕಡಿಮೆ. ಅಲ್ಲಿಂದಲೇ ಡಿಸೈರ್ ಡಿಕ್ಕಿ ಕತ್ತರಿಸಿಕೊಂಡಿದ್ದು, 2008ರಲ್ಲಿ ಉದ್ದ ಇತ್ತು, 2012ರಲ್ಲಿ ನಾಲ್ಕು ಮೀಟರ್ ಒಳಗೆ ಬಂತು. ಜಿಎಸ್‌ಟಿ ಬಂದಮೇಲೆ ಪೆಟ್ರೋಲ್ ಡಿಸೈರ್‌ಗೆ ಸೆಸ್ ಸೇರಿ 29 ಶೇಕಡಾ, ಸಿಟಿಗೆ 45. ವ್ಯತ್ಯಾಸ 16. 2025ರ ಸೆಪ್ಟೆಂಬರ್ 22ರಿಂದ ಡಿಸೈರ್ 18, ಸಿಟಿ 40. ವ್ಯತ್ಯಾಸ 22ಕ್ಕೆ ಏರಿತು! ಅತ್ತ 50 ಕೊಡ್ತಿದ್ದ ದೊಡ್ಡ ಎಸ್‌ಯುವಿ ಸಹ 40ಕ್ಕೇ ಇಳೀತು. ಕೆಳಗಿನಿಂದ ಸಣ್ಣ ಗಾಡಿ ಒತ್ತುತ್ತೆ, ಮೇಲಿಂದ ದೊಡ್ಡದು ಒತ್ತುತ್ತೆ. ಉದ್ದ ಸೆಡಾನ್ ನಡುವೆ ಸಿಕ್ಕಿಹಾಕ್ಕೊಂಡಿದೆ.

ನಾಲ್ಕನೇ_ಗೇರು
ಡೀಸೆಲ್ ಸೇರಿಸಿ. ಸಿಯಾಜ್ ಓಡಿದ್ದು 1.3 ಡೀಸೆಲ್ ಇದ್ದ ಕಾಲದಲ್ಲಿ. 2020ರ ಏಪ್ರಿಲ್‌ನ ಬಿಎಸ್6 ಹೊಗೆ ನಿಯಮ ಬಂದು ಆ ಎಂಜಿನ್ ಹೋಯ್ತು. 2023ರ ಎರಡನೇ ಹಂತದಲ್ಲಿ ಸಿಟಿ ಡೀಸೆಲ್ ಹೋಯ್ತು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ವಾರಕ್ಕೆರಡು ಸಲ ಓಡಾಡೋರಿಗೆ ಡೀಸೆಲ್ ಸೆಡಾನ್ ಬಿಟ್ಟರೆ ಬೇರೆ ಬೇಕಿರಲಿಲ್ಲ. ಅವರೆಲ್ಲ ಡೀಸೆಲ್ ಎಲ್ಲಿ ಉಳೀತೋ ಅಲ್ಲಿಗೆ ಹೋದರು, ಅಂದ್ರೆ ಎಸ್‌ಯುವಿಗೆ.

ಹುಬ್ಬಳ್ಳಿ_ಗ್ಯಾರೇಜ್
ವಿಷಯಕ್ಕ ಬರೋಣ್ರಿ. ಶಿರಸಿ ಸಿಟಿ 1.5 ಅಂದ್ರ ಇಎಕ್ಸ್‌ಐ ಏನು, ವಿಟೆಕ್ ಏನು? ಇಎಕ್ಸ್‌ಐ 100 ಅಶ್ವಶಕ್ತಿ, ವಿಟೆಕ್ 106. ಎರಡಕ್ಕೂ ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ಕ್ಯಾಮ್ ತಿರಗಿಸೋ ಪಟ್ಟಿ) ಐತಿ, ಚೈನ್ ಅಲ್ಲ. ಚೈನ್ ಬಂದಿದ್ದು 2003ರ ಎಂಟು ಸ್ಪಾರ್ಕ್ ಪ್ಲಗ್ಗಿನ ಐ-ಡಿಎಸ್‌ಐ ಎಂಜಿನ್ ಜೊತಿಗೆ. ಈ ಬೆಲ್ಟ್ ಹರಿದ್ರ ಪಿಸ್ಟನ್ ವಾಲ್ವಿಗೆ ಬಡದು ವಾಲ್ವ್ ಬಾಗ್ತಾವ, ಹೆಡ್ ಇಳಸಬೇಕು. ಓಡಿದ ಕಿಲೋಮೀಟರ್ ನೋಡಬ್ಯಾಡ್ರಿ, ವರ್ಷ ನೋಡ್ರಿ. ನಿಂತ ಗಾಡಿ ಬೆಲ್ಟೂ ಒಣಗತೈತಿ. ಬಿಲ್ ಇಲ್ಲ ಅಂದ್ರ ಹಾಕಿಲ್ಲ ಅಂತನ ತಿಳಕೊಂಡು ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ಯಾಮ್ ಮತ್ತ ಕ್ರ್ಯಾಂಕ್ ಆಯಿಲ್ ಸೀಲ್ ಒಮ್ಮೆಗೇ ಹಾಕಸ್ರಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರಗತೈತಿ, ಅದನ್ನ ಬಿಟ್ರ ನಾಳೆ ಸೋರಿದಾಗ ಅದೇ ಕೂಲಿ ಮತ್ತ ಕೊಡಬೇಕು.

ಮೆಕ್ಯಾನಿಕ್ ಹೊಸಬ ಇದ್ರ ಒಂದು ಮಾತು ಹೇಳ್ರಿ. ಈ ಎಂಜಿನ್ ಅಪ್ರದಕ್ಷಿಣವಾಗಿ ತಿರಗತೈತಿ. ಬೆಲ್ಟ್ ಕೂಡಿಸಿದ ಮ್ಯಾಲೆ ಕ್ರ್ಯಾಂಕ್ ಐದಾರು ಸುತ್ತು ಎಡಕ್ಕ ತಿರಗಿಸಿ, ಟೆನ್ಷನರ್ ಬೋಲ್ಟ್ ಅರ್ಧ ಸುತ್ತು ಸಡಲಿಸಿ, ಕ್ಯಾಮ್ ಪುಲ್ಲಿ ಮೂರು ಹಲ್ಲು ಮುಂದ ಹೋಗುವಷ್ಟು ಮತ್ತ ತಿರಗಿಸಿ, ಆವಾಗ ಬಿಗಿ ಮಾಡಬೇಕು. ಬಲಕ್ಕ ತಿರಗಿಸಿ ಬಿಗಿ ಮಾಡಿದ್ರ ಬೆಲ್ಟ್ ಸಡಲ ಉಳೀತೈತಿ, ಹಲ್ಲು ಹಾರತೈತಿ.

ವಾಲ್ವ್ ಸಂದು ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.18ರಿಂದ 0.22, ಎಕ್ಸಾಸ್ಟ್ 0.23ರಿಂದ 0.27 ಮಿ.ಮೀ.

ಅಘನಾಶಿನಿ_ದಂಡೆ
ಆ ಕಾಲದ ಹೋಂಡಾಗಳ ಇನ್ನೊಂದು ಹಳೇ ರೋಗ ಸೇರಿಸ್ತೇನೆ. ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಂದು ಚಾವಿ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತೆ, ಎಂಜಿನ್ ಹಿಡಿಯೋದಿಲ್ಲ. ಸಂಜೆ ತಂಪಾದಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಒಂದೇ ಸಲಕ್ಕೆ ಹಿಡೀತದೆ. ಎಷ್ಟೋ ಗ್ಯಾರೇಜಲ್ಲಿ ಇದಕ್ಕೆ ಪೆಟ್ರೋಲ್ ಪಂಪ್ ಬದಲಿಸಿ ಕಳಿಸ್ತಾರೆ. ತಪ್ಪು ಪಂಪಿನದಲ್ಲ, ಡ್ಯಾಶ್‌ಬೋರ್ಡ್ ಅಡಿಯ ಮೇನ್ ರಿಲೇಯದ್ದು, ಅಂದ್ರೆ ಪಂಪಿಗೆ ಕರೆಂಟ್ ಕೊಡೋ ಸ್ವಿಚ್ ಪೆಟ್ಟಿಗೆಯದ್ದು. ಪೆಟ್ಟಿಗೆ ಬಿಚ್ಚಿ ಒಳಗಿನ ಹಲಗೆ ತಿರುಗಿಸಿ ಭೂತಗನ್ನಡಿ ಹಿಡೀರಿ. ದಪ್ಪ ಕಾಲುಗಳ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣ್ತದೆ. ಬಿಸಿಗೆ ಹಿಗ್ಗಿ ಅಲ್ಲೇ ಸಂಪರ್ಕ ಬಿಡ್ತದೆ. ಹಳೇ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದರೆ ಮುಗೀತು. ಗುರುತು ಹಿಡಿಯೋದು ಹೇಗೆಂದರೆ, ಚಾವಿ ಆನ್ ಮಾಡಿದಾಗ ಹಿಂದಿನ ಸೀಟಿನ ಅಡಿಯಿಂದ ಪಂಪು ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಬಿಸಿಯಲ್ಲಿ ಆ ಶಬ್ದ ಇಲ್ಲ, ತಂಪಲ್ಲಿ ಇದೆ ಅಂದ್ರೆ ಮೊದಲು ರಿಲೇ ನೋಡಿ.

ಬನವಾಸಿ_ರಸ್ತೆ
ಬಲೆನೊ ಬಗ್ಗೆ ಯಾರೂ ಹೇಳ್ಲಿಲ್ಲ. 1590 ಸಿಸಿ, 94 ಅಶ್ವಶಕ್ತಿ, ತೂಕ ಒಂದು ಟನ್ ಆಸುಪಾಸು. ದೇವಿಮನೆ ಘಟ್ಟದಲ್ಲಿ ಮೂರನೇ ಗೇರಲ್ಲೇ ಎಳ್ಕೊಂಡು ಹೋಗ್ತದೆ, ಲಾರಿ ಹಿಂದೆ ಸಿಕ್ಕಿದರೂ ಎರಡಕ್ಕೆ ಇಳಿಸಿ ದಾಟೋಕೆ ಉಸಿರು ಉಳಿದಿರ್ತದೆ. ಮಾರುತಿ ಅಂದಮೇಲೆ ಪಾರ್ಟ್ಸ್ ಚಿಂತೆ ಇಲ್ಲ.

ಹುಬ್ಬಳ್ಳಿ_ಗ್ಯಾರೇಜ್
ಇಲ್ರಿ, ಅಲ್ಲೇ ಎಡವಿದ್ರಿ. ಪಾರ್ಟ್ಸ್ ಚಿಂತಿ ಇಲ್ಲದ್ದು ಎಸ್ಟೀಮಿಗೆ. ಅದರ 1298 ಸಿಸಿ ಎಂಜಿನ್ ಜಿಪ್ಸಿ ಕಿಂಗ್‌ನಾಗ ಐತಿ, ವರ್ಸಾದಾಗ ಐತಿ, 2005ರ ಮೊದಲನೇ ಸ್ವಿಫ್ಟಿನಾಗೂ ಐತಿ. ಬಲೆನೊದ 1.6 ಎಂಜಿನ್ ಇಲ್ಲಿ ತಯಾರಾದ ಬ್ಯಾರೆ ಗಾಡಿಗೆ ಬರಲಿಲ್ಲ. ಬೆಲ್ಟ್, ಕ್ಲಚ್, ಫಿಲ್ಟರ್ ಸಿಗತಾವ. ಹೆಡ್‌ಲ್ಯಾಂಪ್, ಟೇಲ್‌ಲ್ಯಾಂಪ್, ಬಂಪರ್, ಬಾಗಿಲ ರಬ್ಬರ್ ಹುಡುಕೋದು ಭಾಳ ಕಷ್ಟ. ತಗೊಳ್ಳೋ ಗಾಡಿಯೊಳಗ ಎಲ್ಲಾ ದೀಪ, ಎಲ್ಲಾ ರಬ್ಬರ್ ಗಟ್ಟಿ ಅದಾವೇನು ನೋಡ್ರಿ. ಎಂಜಿನ್ ಕೆಲಸ ಮಾಡಿಸಬಹುದು, ಒಡೆದ ಲೆನ್ಸ್ ಮಾಡಿಸಾಕ ಆಗೂದಿಲ್ಲ.

ಬನವಾಸಿ_ರಸ್ತೆ
ಸರಿ, ಒಪ್ಪಿದೆ. ಕಂಪ್ರೆಷನ್, ಅಂದ್ರೆ ಸಿಲಿಂಡರಿನೊಳಗಿನ ಒತ್ತಡ, ಎಷ್ಟಿರಬೇಕು ಅನ್ನೋದನ್ನೂ ಹೇಳಿಬಿಡಿ.

ಹುಬ್ಬಳ್ಳಿ_ಗ್ಯಾರೇಜ್
ಅಂಕಿಗಿಂತ ಸಮ ಇರೋದು ಮುಖ್ಯ. ಎಂಜಿನ್ ಬಿಸಿ ಇರಬೇಕು, ನಾಕೂ ಪ್ಲಗ್ ತಗೀಬೇಕು, ಇಗ್ನಿಷನ್ ಮತ್ತ ಇಂಜೆಕ್ಟರ್ ಕನೆಕ್ಟರ್ ಬಿಚ್ಚಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡೀಬೇಕು, ಬ್ಯಾಟರಿ ತುಂಬಿರಬೇಕು. ಬಲೆನೊದಾಗ ಸಿಲಿಂಡರ್ ಸಿಲಿಂಡರ್ ನಡುವ 14 ಪಿಎಸ್‌ಐಗಿಂತ ಜಾಸ್ತಿ ಫರಕ್ ಇರಬಾರ್ದು. ಕಡಿಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣಿ ಹಾಕಿ ಮತ್ತ ನೋಡ್ರಿ. ಏರಿದ್ರ ರಿಂಗ್ ಸವದಾವ, ಏರಲಿಲ್ಲ ಅಂದ್ರ ವಾಲ್ವ್ ಸೋರತೈತಿ.

ಕೋಡಿಬಾಗ_ಕಡಲು
ತುಂಬಾ ಉಪಕಾರ ಎಲ್ಲರಿಗೂ. ಇನ್ನು ತುಕ್ಕು ತಡೆಯೋದು ಹೇಳಿ. ಇಲ್ಲಿ ಎಲ್ಲರೂ ಹೇಳೋದು ಒಂದೇ, ಮಳೆಗಾಲಕ್ಕೆ ಮುಂಚೆ ಅಡಿಗೆ ಡಾಂಬರು ಕೋಟಿಂಗ್ ಹೊಡೆಸಿ ಅಂತ.

ಗೇರುಬೀಜ_ಗುಡ್ಡ
ಡಾಂಬರಿಗಿಂತ ಗೇರೆಣ್ಣೆ ಒಳ್ಳೇದು. ದೋಣಿಗೆ ತಲೆತಲಾಂತರದಿಂದ ಹಚ್ತಾ ಬಂದದ್ದು. ದೋಣಿಯೇ ಉಪ್ಪುನೀರಲ್ಲಿ ಉಳಿಯೋದಾದರೆ ಕಾರಿನ ಅಡಿ ಯಾಕೆ ಉಳಿಯೋದಿಲ್ಲ?

ತುಕ್ಕುವೈರಿ
ದೋಣಿ ಮರದ್ದು, ಕಾರು ಕಬ್ಬಿಣದ್ದು. ಮರಕ್ಕೆ ಗೇರೆಣ್ಣೆ ಒಳಗೆ ಇಳಿದು ಹುಳ, ಬೂಸ್ಟು ತಡೀತದೆ. ಕಚ್ಚಾ ಗೇರೆಣ್ಣೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ. ಆಮ್ಲವನ್ನ ತಗಡಿಗೆ ಹಚ್ಚೋದು ಬೇಡ, ಕೈಗೆ ತಾಗಿದರೆ ಬೊಬ್ಬೆ ಏಳ್ತದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗೂ ಒಳ್ಳೇದಲ್ಲ.

ಆದ್ರೆ ನೀವು ಹೇಳಿದ್ದರಲ್ಲಿ ಒಂದು ನಿಜ ಅಡಗಿದೆ. ಗೇರೆಣ್ಣೆಯನ್ನ ಕಾಸಿ ಬಟ್ಟಿಯಿಳಿಸಿದರೆ ಕಾರ್ಡನಾಲ್ ಸಿಗ್ತದೆ. ಅದರಿಂದ ಫೆನಾಲ್ಕಮಿನ್ ಅನ್ನೋ ಎಪಾಕ್ಸಿ ಹಾರ್ಡ್ನರ್ ಮಾಡ್ತಾರೆ. ಹಡಗಿನ ಎಷ್ಟೋ ಪ್ರೈಮರ್‌ಗಳಲ್ಲಿ ಅದನ್ನೇ ಬಳಸೋದು, ಯಾಕಂದ್ರೆ ತೇವದ ಹವೆಯಲ್ಲೂ ಅದು ಗಟ್ಟಿಯಾಗ್ತದೆ. ಹಡಗಿನ ಬಣ್ಣ ಮಾರೋ ಅಂಗಡಿಯಲ್ಲಿ ಫೆನಾಲ್ಕಮಿನ್ ಎಪಾಕ್ಸಿ ಅಂತ ಕೇಳಿ. ನಮ್ಮ ಹವೆಗೆ ಅದಕ್ಕಿಂತ ಒಳ್ಳೇದು ಇಲ್ಲ.

ಡಾಂಬರಿನ ಸಮಸ್ಯೆ ಡಾಂಬರಲ್ಲ, ಹೊಡೆಯೋ ಕ್ರಮ. ಮೇ ತಿಂಗಳಲ್ಲಿ ನೀರು ಹೊಡೆದು ಅದೇ ಮಧ್ಯಾಹ್ನ ಸ್ಪ್ರೇ ಮಾಡಿ ಕಳಿಸ್ತಾರೆ. ಉಪ್ಪು, ತೇವ, ತುಕ್ಕು ಮೂರೂ ಒಳಗೇ ಉಳೀತಾವೆ. ಎರಡು ವರ್ಷದಲ್ಲಿ ಡಾಂಬರು ಒಣಗಿ ಬಿರುಕು ಬಿಡ್ತದೆ, ಬಿರುಕಿನಿಂದ ನೀರು ಒಳಗೆ ಹೋಗ್ತದೆ, ಹೊರಗೆ ಬರೋದಿಲ್ಲ. ಮೇಲಿಂದ ಕಪ್ಪಗೆ ಚಂದ ಕಾಣ್ತದೆ, ಬೆರಳಿಂದ ಒತ್ತಿದರೆ ಸಿಪ್ಪೆ ಸಮೇತ ತಗಡೇ ಕೈಗೆ ಬರ್ತದೆ. ಆದ್ದರಿಂದ ಹೊಸದಾಗಿ ಕಪ್ಪು ಬಳಿದ ಹಳೇ ಗಾಡಿ ಕಂಡರೆ ಹುಷಾರು.

ಗೇರುಬೀಜ_ಗುಡ್ಡ
ಹಡಗಿನ ಬಣ್ಣದಲ್ಲಿ ಗೇರೆಣ್ಣೆ ಇರೋದು ಗೊತ್ತಿರ್ಲಿಲ್ಲ. ಸರಿ, ಕ್ರಮ ಪೂರ್ತಿ ಬರೀರಿ.

ತುಕ್ಕುವೈರಿ
ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಹವೆಯ ತೇವ 85 ಶೇಕಡಾ ಒಳಗಿರಬೇಕು, ತಗಡಿನ ಉಷ್ಣತೆ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಇಲ್ಲಾಂದ್ರೆ ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆ ಬಣ್ಣ ಹೊಡೆದ ಹಾಗೆ. ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ ಸಂಜೆ ನಾಲ್ಕಕ್ಕೆ ಮುಗಿಸಿ.

ಗಾಡಿ ನಾಲ್ಕು ಸ್ಟ್ಯಾಂಡ್ ಮೇಲಿರಬೇಕು, ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಸಿಹಿನೀರಿನ ಪ್ರೆಷರ್ ವಾಷ್ ಮಾಡಿ ಎರಡು-ಮೂರು ದಿನ ಗಾಳಿಗೆ ಒಣಗಲಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹಳೇ ಡಾಂಬರು, ತುಕ್ಕು ಎಲ್ಲ ತೆಗೀರಿ, ತಗಡು ಬೆಳ್ಳಗೆ ಕಾಣೋವರೆಗೂ. ತೂತು ಬಿದ್ದಲ್ಲಿ ಆರೋಗ್ಯವಾದ ತಗಡು ಸಿಗೋತನಕ ಕತ್ತರಿಸಿ 0.8 ಅಥವಾ 1 ಮಿ.ಮೀ. ತಗಡಿನ ತೇಪೆ ಮಿಗ್ ವೆಲ್ಡಿಂಗ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ ಹಾಕಿಸಿ. ಗ್ಯಾಸ್ ವೆಲ್ಡಿಂಗ್ ಬೇಡ, ಸುತ್ತಲ ತಗಡು ಸೊಟ್ಟಗಾಗ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಕಳಚಿ, ಇಲ್ಲಾಂದ್ರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಸುಡಬಹುದು. ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆಳದ ಗುಳಿಗಳಲ್ಲಿ ಉಳಿದ ತುಕ್ಕಿಗೆ ಮಾತ್ರ ಫಾಸ್ಫರಿಕ್ ಆಮ್ಲದ ತುಕ್ಕು ಕನ್ವರ್ಟರ್ ಹಚ್ಚಿ, ತೊಳೆದು ಒಣಗಿಸಿ. ಎರಡು ಪದರ ಎಪಾಕ್ಸಿ ಪ್ರೈಮರ್. ಜೋಡಣೆಗಳಿಗೆ ಸೀಮ್ ಸೀಲರ್. ಅದರ ಮೇಲೆ ಕಲ್ಲುಪೆಟ್ಟು ತಡೆಯೋ ಕೋಟಿಂಗ್, ಡಾಂಬರಾದರೂ ಈಗ ತೊಂದರೆ ಇಲ್ಲ.

ಎಲ್ಲಕ್ಕಿಂತ ಮುಖ್ಯ ಕೊನೆಯದು, ಟೊಳ್ಳು ಭಾಗಗಳಿಗೆ ಮೇಣ. ಬಾಗಿಲ ಒಳಗೆ, ಹೊಸ್ತಿಲಿನ ಪೆಟ್ಟಿಗೆಯೊಳಗೆ, ಡಿಕ್ಕಿ ಮುಚ್ಚಳದ ಅಂಚಿಗೆ. ಉದ್ದ ಕೊಳವೆಯ ತುದಿಯಲ್ಲಿ ಸುತ್ತಲೂ ಚಿಮ್ಮುವ ನಳಿಕೆ ಇರಬೇಕು. ಒಂದು ಸೆಡಾನಿಗೆ ಎರಡು ಲೀಟರ್ ಹತ್ತಿರ ಬೇಕಾಗ್ತದೆ. ಮುಗಿದಮೇಲೆ ನೀರಿಳಿವ ತೂತಿಗೆಲ್ಲ ತಂತಿ ಹಾಕಿ ತೆರೀರಿ. ವೆಲ್ಡಿಂಗ್ ಮೊದಲು, ಮೇಣ ಆಮೇಲೆ, ತಿರುಗುಮುರುಗಾದರೆ ಬೆಂಕಿ ಹತ್ತುತ್ತೆ.

ಸದಾಶಿವಗಡ_ನೋಟ
ಕನ್ವರ್ಟರ್ ಮೇಲೆ ಜಿಂಕ್ ಪ್ರೈಮರ್ ಹೊಡೆದರೆ ಇನ್ನೂ ಗಟ್ಟಿ ಅಲ್ವಾ? ಜಿಂಕ್ ಇದ್ದರೆ ತುಕ್ಕೇ ಬರೋದಿಲ್ಲ ಅಂತಾರೆ.

ತುಕ್ಕುವೈರಿ
ಜಿಂಕ್ ಕೆಲಸ ಮಾಡೋದು ಬರಿ ಕಬ್ಬಿಣವನ್ನ ನೇರ ಮುಟ್ಟಿದಾಗ. ಕಬ್ಬಿಣದ ಬದಲು ತಾನು ಕರಗಿ ಅದನ್ನ ಉಳಿಸ್ತದೆ. ನಡುವೆ ಕನ್ವರ್ಟರಿನ ಪೊರೆ ಬಂದರೆ ವಿದ್ಯುತ್ ಸಂಪರ್ಕ ತಪ್ಪಿ ಅದು ಬರೀ ಬೂದು ಬಣ್ಣ. ಪೂರ್ತಿ ಬೆಳ್ಳಗೆ ಉಜ್ಜಿದ ಜಾಗಕ್ಕೆ ಜಿಂಕ್, ಕನ್ವರ್ಟರ್ ಹಚ್ಚಿದ ಜಾಗಕ್ಕೆ ಎಪಾಕ್ಸಿ. ಬೆರೆಸಬೇಡಿ.

ಸದಾಶಿವಗಡ_ನೋಟ
ಮತ್ತೆ ಕವರ್? ಮಳೆಗಾಲದಲ್ಲಿ ಕಾರಿಗೆ ಪ್ಲಾಸ್ಟಿಕ್ ಕವರ್ ಹಾಕಿಡ್ತಾರಲ್ಲ.

ದೇವಿಮನೆ_ತಿರುವು
ಬೇಡ. ಒಳಗೆ ಹಬೆ ಕಟ್ಟಿ ಬೆವರ್ತದೆ. ಮೂರು ಕಡೆ ತೆರೆದ ಶೀಟಿನ ಮಾಡು ಸಾಕು, ಗಾಳಿ ಆಡಬೇಕು. ನೆಲ ಮಣ್ಣಿನದಾದರೆ ಜಲ್ಲಿ ಹಾಸಿ. ಅಡಿಕೆ ಸಿಪ್ಪೆ ಸುರಿಯೋ ಕೊಟ್ಟಿಗೆ ಪಕ್ಕ ಮಾತ್ರ ಬೇಡ, ಇಲಿ ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿ ಇಂಜೆಕ್ಟರ್ ವೈರ್ ಕಡೀತದೆ.

ಚಾಲಿ_ಅಡಿಕೆ
ಇಷ್ಟೆಲ್ಲ ಮಾಡೋ ಖರ್ಚಲ್ಲಿ ಹೊಸ ಗಾಡಿಯ ಮುಂಗಡವೇ ಕಟ್ಟಬಹುದು. ನಾ ಹೇಳೋದರಲ್ಲಿ ಕಹಿ ಇಲ್ಲ, ಲೆಕ್ಕ ಇದೆ.

ನಾಲ್ಕನೇ_ಗೇರು
ಲೆಕ್ಕಕ್ಕೆ ಮಾತ್ರ ಗಾಡಿ ತಗೊಳ್ಳೋರು ಹಳೇ ಬಲೆನೊ ಕಡೆ ತಿರುಗಿಯೂ ನೋಡೋದಿಲ್ಲ. ಘಟ್ಟದ ತಿರುವಲ್ಲಿ ತಗ್ಗಿನ ಗಾಡಿ ವಾಲದೆ ಹೋಗೋ ಸುಖಕ್ಕೆ ಈ ಖರ್ಚು. ಅದೇ ಎಂಜಿನ್, ಅದೇ ತಳಪಾಯದ ವರ್ಟಸ್ ಸೆಡಾನ್, ಟೈಗುನ್ ಎಸ್‌ಯುವಿ ಎರಡನ್ನೂ ಬೆನ್ನಿಗೆ ಬೆನ್ನು ಓಡಿಸಿ ನೋಡಿ. ಭಾರ ಎಲ್ಲಿದೆ ಅನ್ನೋದು ಮೊದಲ ತಿರುವಲ್ಲೇ ಸೊಂಟಕ್ಕೆ ಗೊತ್ತಾಗ್ತದೆ.

ಅಘನಾಶಿನಿ_ದಂಡೆ
ಘಟ್ಟ ಅಂದಮೇಲೆ ಬ್ರೇಕ್ ಎಣ್ಣೆ. ಅದು ಹವೆಯಿಂದ ನೀರು ಹೀರ್ತದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ 205 ಡಿಗ್ರಿಗೆ ಕುದಿಯುತ್ತೆ, 3.7 ಶೇಕಡಾ ನೀರು ಸೇರಿದಮೇಲೆ 140ಕ್ಕೇ. ಡಾಟ್ 4 ಆದರೆ 230 ಮತ್ತು 155. ದೇವಿಮನೆ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದರೆ ಎಣ್ಣೆ ಕುದ್ದು ಗುಳ್ಳೆಯಾಗಿದೆ ಅಂತ ಅರ್ಥ. ಹಳೇ ಗಾಡಿ ಕೊಂಡ ವಾರವೇ ಪೂರ್ತಿ ಬದಲಿಸಿ, ಒಂದು ಲೀಟರ್ ಸಾಕು, ಆಮೇಲೆ ಎರಡು ಮಳೆಗಾಲಕ್ಕೊಮ್ಮೆ. ಡಾಟ್ 5 ಸಿಲಿಕೋನ್ ಎಣ್ಣೆ ಮಾತ್ರ ಬೆರೆಸಬೇಡಿ. ಹತ್ತಿದ ಗೇರಲ್ಲೇ ಇಳಿಯಿರಿ.

ಬನವಾಸಿ_ರಸ್ತೆ
ಪೆಟ್ರೋಲಿನದ್ದೂ ಇದೆ. ಈಗ ಎಲ್ಲ ಬಂಕಲ್ಲೂ 20 ಶೇಕಡಾ ಎಥನಾಲ್. ಶಕ್ತಿ ಲೀಟರಿಗೆ ಆರೇಳು ಶೇಕಡಾ ಕಡಿಮೆ, ಮೈಲೇಜ್ ಅಷ್ಟು ಬಿದ್ದರೆ ಎಂಜಿನ್ ಕೆಟ್ಟಿದೆ ಅಂತ ಹೆದರಬೇಡಿ. ಹಳೇ ರಬ್ಬರ್ ಪೈಪಿಗೆ ಅದು ಆಗೋದಿಲ್ಲ, ಉಬ್ಬಿ ಮೆತ್ತಗಾಗ್ತದೆ. ಟ್ಯಾಂಕಿಂದ ಎಂಜಿನ್‌ವರೆಗಿನ ರಬ್ಬರ್ ತುಂಡುಗಳನ್ನೆಲ್ಲ ವೈಟಾನ್ (ಎಥನಾಲ್ ತಡೆಯೋ ರಬ್ಬರ್) ಒಳಪದರ ಇರೋ ಪೈಪಿಗೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದ ತೇವದ ಗಾಳಿಯಿಂದ ಎಥನಾಲ್ ನೀರೆಳೆದು ತಳದಲ್ಲಿ ಬೇರೆಯಾಗಿ ಕೂರ್ತದೆ.

ಹೊನ್ನಾವರ_47
ಈ ಚರ್ಚೆಯಲ್ಲಿ ಅಂಬಾಸಿಡರ್ ಹೆಸರೇ ಬರ್ಲಿಲ್ಲವಲ್ಲ! ಸೆಡಾನ್ ಅಂದ್ರೆ ಮೊದಲು ಅದೇ. ಗೇರುಸೊಪ್ಪೆ ಘಟ್ಟಕ್ಕೆ ಏಳು ಜನ ಹೇರ್ಕೊಂಡು, ಕ್ಯಾರಿಯರಲ್ಲಿ ಹಾಸಿಗೆ ಸುರುಳಿ ಕಟ್ಕೊಂಡು ಹತ್ತಿದ ಗಾಡಿ. ಮುಂದೆ ಟಾರ್ಷನ್ ಬಾರ್, ಹಿಂದೆ ಪಟ್ಟಿ ಸ್ಪ್ರಿಂಗ್. ಕೂತರೆ ಸೋಫಾ.

ನಾಲ್ಕನೇ_ಗೇರು
ಹತ್ತಿದ್ದು ಹೌದು, 1489 ಸಿಸಿ ಹಳೇ ಎಂಜಿನ್ನಲ್ಲಿ ಅರ್ಧ ದಾರಿಗೆ ಬಾನೆಟ್ ಎತ್ತಿ ನೀರು ಕುಡಿಸ್ಕೊಂಡು. ಇಸುಜು 1.8 ಬಂದಮೇಲೇ ಅದಕ್ಕೆ ಐದು ಗೇರು, ನಿಜವಾದ ಎಳೆತ. ಕಾಂಟೆಸಾದ್ದೂ ಅದೇ ಕಥೆ, ಮೊದಲು ಅದೇ 1489, ಇಸುಜು ಬಂದಮೇಲೆ ಗಾಡಿಯೇ ಬೇರೆ.

ಹೊನ್ನಾವರ_47
2014ರ ಮೇನಲ್ಲಿ ಉತ್ತರಪಾರಾ ಕಾರ್ಖಾನೆ ಬಾಗಿಲು ಹಾಕಿದ್ದು ಇವತ್ತಿಗೂ ಬೇಜಾರು. ತಗಡು ಮಾತ್ರ ದಪ್ಪ ಇತ್ತು, ಅದನ್ನ ಒಪ್ಪಿ.

ತುಕ್ಕುವೈರಿ
ದಪ್ಪ ಇದ್ದಷ್ಟೇ ನಿಧಾನ ಕೊಳೆಯಿತು, ಅದು ನಿಜ.

ಮಾಜಾಳಿ_ಗೇಟ್
ಕೋಡಿಬಾಗದವರೆ, ಕಾಗದ ಪತ್ರ ಮರೀಬೇಡಿ. 15 ವರ್ಷಕ್ಕೆ ಮರುನೋಂದಣಿ, ಆಮೇಲೆ ಐದೈದು ವರ್ಷಕ್ಕೆ. 2005ರದ್ದು 2020ರಲ್ಲಿ ಆಗಿರ್ತದೆ, ಮತ್ತೆ 2025ಕ್ಕೆ ಮುಗಿದಿರ್ತದೆ. 2002ರದ್ದು 2017 ಮತ್ತು 2022ರಲ್ಲಿ ಆಗಿರಬೇಕು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಶುಲ್ಕ 10,000 ರೂಪಾಯಿ, ಹಸಿರು ತೆರಿಗೆ ಬೇರೆ. ಬಲೆನೊ ಯಜಮಾನರು ಇದನ್ನ ಮಾಡಿಸಿದ್ದಾರಾ ಕೇಳಿ, ಮಾಡಿಸಿಲ್ಲಾಂದ್ರೆ ಬೆಲೆಯಿಂದ ಕಡಿಯಿರಿ.

ಗಡಿ ಪಕ್ಕ ಅಂತ ಗೋವಾ ಗಾಡಿ ಕಡೆ ಮನಸ್ಸು ಹರಿಸಬೇಡಿ. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕಾರವಾರದ ಕೆಎ 30 ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಅದಕ್ಕಿಂತ ಮುಖ್ಯ, ಅದೂ ಉಪ್ಪುಗಾಳಿ ತಿಂದ ಗಾಡಿಯೇ. ಸಿಕ್ಕರೆ ಧಾರವಾಡ, ಗದಗ ಕಡೆಯ ಒಣ ಹವೆಯ ಗಾಡಿ ಹುಡುಕಿ.

ಬನವಾಸಿ_ರಸ್ತೆ
ಅದೇ ಕಾರಣಕ್ಕೆ ಶಿರಸಿ ಸಿಟಿ ನೋಡಿ ಅನ್ನೋದು. ಘಟ್ಟದ ಮೇಲೆ ಮಳೆ ಇದೆ, ಉಪ್ಪಿಲ್ಲ.

ತುಕ್ಕುವೈರಿ
ನನ್ನ ಮತವೂ ಸಿಟಿಗೇ. ಬೆಲ್ಟ್, ರಿಲೇ, ಹೋಸ್‌ಗೆ ದಾರಿ ಇದೆ. ಕುಮಟಾದ ಬಲೆನೊದ ಕಮಾನಿಗೆ ಅಯಸ್ಕಾಂತ ಗಟ್ಟಿ ಕಚ್ಚಿಕೊಂಡರೆ ಮಾತ್ರ ಆ ಮಾತು ಬದಲಿಸ್ತೇನೆ.

ಕೋಡಿಬಾಗ_ಕಡಲು
ಭಾನುವಾರ ಎರಡನ್ನೂ ನೋಡ್ತೇನೆ, ಕುಮಟಾ ಮೊದಲು, ಅಲ್ಲಿಂದ ಶಿರಸಿ. ಒಂದೇ ಸಂಶಯ, ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವಾಗ ಮುರಿದರೆ ಮಾರೋರಿಗೆ ಏನು ಹೇಳೋದು?

ದೇವಿಮನೆ_ತಿರುವು
ಮೊದಲು ಕೇಳಿ ಒಪ್ಪಿಗೆ ತಗೊಳ್ಳಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹಳೇ ಕ್ಲಿಪ್ಪು ಬಿಸ್ಕತ್ತಿನ ಹಾಗೆ. ಸ್ಕ್ರೂ ಇದ್ದರೆ ಮೊದಲು ಅದನ್ನ ತೆಗೆದು, ಬಿಸಿಲಲ್ಲಿ ಬಾಗಿಲು ತೆರೆದು ಹತ್ತು ನಿಮಿಷ ಬಿಡಿ, ಪ್ಲಾಸ್ಟಿಕ್ ಮೆತ್ತಗಾಗ್ತದೆ. ಹಿಂದಿನ ತುದಿಯಿಂದ ಎರಡೂ ಕೈ ಬೆರಳು ಅಡಿಗೆ ಹಾಕಿ ನೇರ ಮೇಲಕ್ಕೆ ಎಳೀರಿ, ಒಂದೊಂದು ಕ್ಲಿಪ್ಪಾಗಿ.

ಹುಬ್ಬಳ್ಳಿ_ಗ್ಯಾರೇಜ್
ಸಿಟಿ ನೋಡೋಕ ಮಧ್ಯಾಹ್ನ ಬಿಸಿಲಿನಾಗ ಹೋಗ್ರಿ. ಒಂದು ತಾಸು ಓಡಿಸಿ, ನಿಲ್ಲಿಸಿ, ಚಾ ಕುಡದು ಬಂದು ಚಾವಿ ತಿರಗಸ್ರಿ. ರಿಲೇ ಹೆಂಗೈತಿ ಅನ್ನೋದು ಅಲ್ಲೇ ಗೊತ್ತಾಗತೈತಿ.